ಅರ್ಧ ಕಿಲೋ ಮುಖದ ಮೇಲೆ, ನೋವು ಕತ್ತಿನ ಹಿಂದೆ

ಕತ್ತು, ಬೆನ್ನು, ಕೀಲುಗಳ ತಕರಾರಿಗೆ ಮೀಸಲಾದ ಅಂಕಣ ಇದು. ಮೊದಲೆಲ್ಲ ಕುರ್ಚಿ, ದಿಂಬು, ಹಾಸಿಗೆಗಳ ಬಗ್ಗೆಯೇ ಪತ್ರ ಬರುತ್ತಿದ್ದವು. ಈಗ ಕಣ್ಣು ಮುಚ್ಚುವಂತೆ ಮುಖಕ್ಕೆ ಕಟ್ಟಿಕೊಂಡು, ಒಳಗಿನ ಪರದೆಯಲ್ಲಿ ಕೃತಕ ಲೋಕ ನೋಡುವ ಪೆಟ್ಟಿಗೆಯ, ಅಂದರೆ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟಿನ ದೂರುಗಳದ್ದೇ ಒಂದು ಕಟ್ಟು ಆಗಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ಕಟ್ಟಡ ವಿನ್ಯಾಸದ ಕಚೇರಿಯಲ್ಲಿದ್ದೇನೆ. ನಕ್ಷೆಯನ್ನು ಮೂರು ಆಯಾಮದ ಮಾದರಿಯಾಗಿ ಹೆಡ್‌ಸೆಟ್ಟಿನೊಳಗೆ ತೆರೆದು, ಅದರ ಸುತ್ತ ಓಡಾಡುತ್ತ ತಿದ್ದುವುದು ಈಗ ನಮ್ಮಲ್ಲಿ ದಿನನಿತ್ಯದ ಕೆಲಸ. ದಿನಕ್ಕೆ ಎರಡು ಗಂಟೆಯಾದರೂ ಅದು ತಲೆಯ ಮೇಲಿರುತ್ತದೆ. ಸಂಜೆಯ ಹೊತ್ತಿಗೆ ತಲೆಯ ಹಿಂಬದಿಯಿಂದ ಹೆಗಲಿನವರೆಗೆ ಬಿಗಿತ, ನೋವು. ಸಹೋದ್ಯೋಗಿಯೊಬ್ಬರು "ಹಗುರವಾದದ್ದು ತಗೋ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ತೂಕವೇ ಕಾರಣವೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳುವುದು ಅರ್ಧ ಸರಿ. ತೂಕ ಎಷ್ಟು ಎನ್ನುವುದಕ್ಕಿಂತ ಆ ತೂಕ ಎಲ್ಲಿ ಕೂತಿದೆ ಎನ್ನುವುದು ಕತ್ತಿಗೆ ದೊಡ್ಡ ವಿಷಯ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ನಡೆಯುವವರು ಅದನ್ನೇ ಕೈ ಚಾಚಿ ಹಿಡಿಯಿರಿ ಎಂದರೆ ಒಂದು ನಿಮಿಷವೂ ತಡೆಯಲಾರರು. ಹೆಡ್‌ಸೆಟ್ ಕೈ ಚಾಚಿ ಹಿಡಿದ ಬಿಂದಿಗೆ.

ಸ್ವಲ್ಪ ಲೆಕ್ಕ ಹಾಕೋಣ. ವಯಸ್ಕರ ತಲೆ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದು ಕತ್ತಿನ ಮೊದಲ ಮೂಳೆಯ ಮೇಲೆ, ಹೆಚ್ಚುಕಡಿಮೆ ಎರಡು ಕಿವಿಗಳ ನೇರದಲ್ಲಿ ಕೂತಿದೆ. ಆದರೆ ತಲೆಯ ಭಾರದ ಕೇಂದ್ರ ಆ ಕೀಲಿಗಿಂತ ತುಸು ಮುಂದೆ, ಅಂದಾಜು ಎರಡು ಸೆಂಟಿಮೀಟರ್ ಮುಂದೆ ಇದೆ. ಕೂತಲ್ಲೇ ತೂಕಡಿಸುವವರ ತಲೆ ಮುಂದಕ್ಕೆ ಬೀಳುವುದು ಅದಕ್ಕೇ. ಎಚ್ಚರವಿರುವಾಗ ಬೀಳದ ಹಾಗೆ ಹಿಂದಿನಿಂದ ಹಿಡಿದಿರುವುದು ಕತ್ತಿನ ಹಿಂಬದಿಯ ಸ್ನಾಯುಗಳು. ಅವುಗಳಿಗೆ ಹಗಲೆಲ್ಲ ಬಿಡುವೇ ಇಲ್ಲ. ಈಗ ಮುಖದ ಮೇಲೆ ಅರ್ಧ ಕಿಲೋ ಇಡಿ. ಕಿವಿಯಿಂದ ಹೆಡ್‌ಸೆಟ್ಟಿನ ಭಾರದ ನಡುವಿಗೆ ಹನ್ನೆರಡು ಹದಿಮೂರು ಸೆಂಟಿಮೀಟರ್ ದೂರ. ತೂಕವನ್ನು ದೂರದಿಂದ ಗುಣಿಸಿದರೆ ಸ್ನಾಯುಗಳ ಮೇಲಿನ ಹೊರೆ ತಿಳಿಯುತ್ತದೆ. ತಲೆಯ ಪಾಲು ನಾಲ್ಕೂವರೆ ಗುಣಿಸು ಎರಡು, ಅಂದರೆ ಒಂಬತ್ತು. ಹೆಡ್‌ಸೆಟ್ಟಿನ ಪಾಲು ಅರ್ಧ ಗುಣಿಸು ಹದಿಮೂರು, ಅಂದರೆ ಆರೂವರೆ. ತಕ್ಕಡಿಯಲ್ಲಿ ತಲೆಯ ಒಂಬತ್ತನೇ ಒಂದು ಭಾಗ ತೂಗುವ ವಸ್ತು ಹಿಂಬದಿಯ ಸ್ನಾಯುಗಳ ಕೆಲಸವನ್ನು ಅರ್ಧಕ್ಕಿಂತ ಹೆಚ್ಚು ಏರಿಸಿಬಿಟ್ಟಿತು. ಅಳತೆಗಳು ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತವೆ, ಆದರೂ ಹೊರೆಯ ಜಾಡು ಇದೇ.

ಈಗ ಮಾರುಕಟ್ಟೆಗೆ ಬಂದ ಕೆಲವು ಹೆಡ್‌ಸೆಟ್ಟುಗಳ ತೂಕ ನೋಡಿ. ಮೆಟಾ ಕ್ವೆಸ್ಟ್ 2 ಎಂಬುದು 503 ಗ್ರಾಂ, ಕ್ವೆಸ್ಟ್ 3 ಎಂಬುದು 515. ಹನ್ನೆರಡು ಗ್ರಾಂ ಹೆಚ್ಚಾದರೂ ಕ್ವೆಸ್ಟ್ 3 ತೆಳ್ಳಗಿದೆ, ಮುಖಕ್ಕೆ ಹತ್ತಿರ ಕೂರುತ್ತದೆ, ಹಾಗಾಗಿ ಕತ್ತಿಗೆ ಹಗುರವೆನಿಸುತ್ತದೆ. ವಾಲ್ವ್ ಇಂಡೆಕ್ಸ್ 809 ಗ್ರಾಂ ತೂಗುತ್ತದೆ. ಆದರೆ ಅದರ ಹಿಂಬದಿ ಗಟ್ಟಿ ಚೌಕಟ್ಟಾದ್ದರಿಂದ ತೂಕವನ್ನು ಹಂಚುತ್ತದೆ. ಆಪಲ್ 2024ರಲ್ಲಿ ತಂದ ಮೊದಲ ವಿಷನ್ ಪ್ರೊ 600ರಿಂದ 650 ಗ್ರಾಂ, ಅದೂ 353 ಗ್ರಾಂ ಬ್ಯಾಟರಿಯನ್ನು ತಂತಿ ಹಾಕಿ ಜೇಬಿಗೆ ಇಳಿಸಿದ ಮೇಲೆ. ಬಿಗ್‌ಸ್ಕ್ರೀನ್ ಬಿಯಾಂಡ್ ಎಂಬುದು 127 ಗ್ರಾಂ ಮಾತ್ರ. ಅದು ತಂತಿಯಿಂದ ಕಂಪ್ಯೂಟರಿಗೆ ಕಟ್ಟಿಹಾಕಿಕೊಂಡು ಆ ಹಗುರತನ ಗಳಿಸಿದೆ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಪರದೆ ಮಾಡಿದಾಗ ಅದನ್ನು ಚಾವಣಿಯಿಂದ ಇಳಿಬಿಟ್ಟ ಸಲಕರಣೆಗೆ ಸೇರಿಸಿದ್ದರು. ಕತ್ತಿನ ವೈದ್ಯರಿಗೆ ಕೇಳಿದರೆ ಇವತ್ತಿಗೂ ಅದೇ ಒಳ್ಳೆಯ ವಿನ್ಯಾಸ ಅಂದಾರು.

ಹೊಸದು ಕೊಳ್ಳುವ ಮೊದಲು ಇರುವುದನ್ನೇ ಸರಿಯಾಗಿ ಹಾಕಿಕೊಳ್ಳಿ. ನನ್ನ ಕೋಣೆಯಲ್ಲಿ ಒಂದು ಹೆಡ್‌ಸೆಟ್ ಇಟ್ಟುಕೊಂಡಿದ್ದೇನೆ. ಕತ್ತು ನೋವೆಂದು ಬಂದವರ ಕೈಗೆ ಅದನ್ನು ಕೊಟ್ಟು, ದಿನಾ ಹಾಕಿಕೊಳ್ಳುವ ಹಾಗೇ ಹಾಕಿಕೊಳ್ಳಿ ಅನ್ನುತ್ತೇನೆ. ಹೆಚ್ಚಿನವರು ಮಾಡುವುದು ಒಂದೇ: ಮುಖಕ್ಕೆ ಒತ್ತಿಕೊಂಡು, ಪಟ್ಟಿಯನ್ನು ತಲೆಯ ಮೇಲಿಂದ ಹಿಂದಕ್ಕೆ ಎಳೆದು, ಪಕ್ಕದ ಪಟ್ಟಿಗಳನ್ನು ಬಿಗಿಯುತ್ತಾರೆ. ನಡುನೆತ್ತಿಯ ಪಟ್ಟಿ ಬೆರಳು ತೂರುವಷ್ಟು ಸಡಿಲವಾಗಿ ಎದ್ದು ನಿಂತಿರುತ್ತದೆ. ಎಂದರೆ ತೂಕ ಹೊರಬೇಕಾದ ಪಟ್ಟಿಗೆ ಕೆಲಸವೇ ಇಲ್ಲ. ಪೆಟ್ಟಿಗೆ ಕೆಳಜಾರದಂತೆ ತಡೆಯುವುದು ಕೆನ್ನೆಯ ಮೇಲಿನ ಒತ್ತಡ ಒಂದೇ. ಆ ಪುಣ್ಯಾತ್ಮರು ಅರಿವಿಲ್ಲದೆ ಗಲ್ಲ ಎತ್ತಿ, ಹುಬ್ಬು ಗಂಟಿಕ್ಕಿ ಅದನ್ನು ಮುಖದಿಂದಲೇ ಹಿಡಿದುಕೊಂಡಿರುತ್ತಾರೆ.

ಕ್ರಮ ತಿರುಗಿಸಿ. ಎಲ್ಲ ಪಟ್ಟಿ ಸಡಿಲಿಸಿ. ತಲೆಬುರುಡೆಯ ಹಿಂಬದಿಯಲ್ಲಿ, ನಡುವೆ, ಒಂದು ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಹಿಂದಿನ ಪಟ್ಟಿ ಆ ಉಬ್ಬಿನ ಕೆಳಗೆ ಕೂರಬೇಕು, ಮೇಲೆ ಅಲ್ಲ. ಮೊದಲು ಅಲ್ಲಿ ಸಿಕ್ಕಿಸಿ, ಆಮೇಲೆ ಮುಂಭಾಗವನ್ನು ಮುಖದ ಮೇಲೆ ಇಳಿಸಿ. ಈಗ ನೆತ್ತಿಯ ಪಟ್ಟಿಯನ್ನು ಎಳೆಯಿರಿ, ಕೆನ್ನೆಯ ಮೇಲಿನ ಭಾರ ಕಮ್ಮಿಯಾಗಿ ನೆತ್ತಿಗೆ ಏರಿದ್ದು ತಿಳಿಯುವವರೆಗೆ. ಪಕ್ಕದ ಪಟ್ಟಿಗಳದ್ದು ಕೊನೆಯ ಸರದಿ. ತಲೆ ಅಲ್ಲಾಡಿಸಿದರೆ ಪೆಟ್ಟಿಗೆ ಅಲುಗಬಾರದು, ಅಷ್ಟು ಬಿಗಿದರೆ ಸಾಕು. ಎಲ್ಲ ಆದ ಮೇಲೆ ಪಟ್ಟಿಯ ಕೆಳಗೆ ಸಿಕ್ಕಿಕೊಂಡ ಕೂದಲನ್ನು ಬಿಡಿಸಿಕೊಳ್ಳಿ. ಜಡೆ ಅಥವಾ ತುರುಬು ಇರುವವರು ಅದನ್ನು ಪಟ್ಟಿಯ ಸೀಳಿನಿಂದ ಹೊರಗೆ ತೆಗೆಯಿರಿ, ಇಲ್ಲವೇ ಕೆಳಗೆ ಕಟ್ಟಿ.

ಹಿಂದೆ ಬ್ಯಾಟರಿ ಇರುವ ಪಟ್ಟಿ ಹಾಕಿದರೆ ಹೇಗೆ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುವಿರಿ, ಈಗಲೇ ಹೇಳಿಬಿಡುತ್ತೇನೆ. ಇರುಳು ನೋಟದ ಕನ್ನಡಕ ಧರಿಸುವ ಹೆಲಿಕಾಪ್ಟರ್ ಪೈಲಟ್‌ಗಳು ಹೆಲ್ಮೆಟ್ಟಿನ ಹಿಂಬದಿಗೆ ಸರಿದೂಗಿಸುವ ತೂಕ ಕಟ್ಟಿಕೊಳ್ಳುವುದು ಹಳೆಯ ಪದ್ಧತಿ. ಅವರಲ್ಲಿ ಕತ್ತು ನೋವು ವೃತ್ತಿಯ ಕಾಯಿಲೆ. ಇನ್ನೂರು ಗ್ರಾಂ ಬ್ಯಾಟರಿ ತಲೆಯ ಹಿಂದೆ ಕೂತರೆ ಮೇಲಿನ ಲೆಕ್ಕದ ಆರೂವರೆಯಲ್ಲಿ ಸುಮಾರು ಎರಡು ಕಳೆಯುತ್ತದೆ. ನನಗೆ ಅದೇ ಇಷ್ಟ. ಆದರೆ ಒಟ್ಟು ತೂಕ ಹೆಚ್ಚಿತಲ್ಲ, ಅದೆಲ್ಲ ಕತ್ತಿನ ಮೂಳೆಗಳ ಮೂಲಕವೇ ಇಳಿಯಬೇಕು. ತಲೆಯನ್ನು ಸರಕ್ಕನೆ ತಿರುಗಿಸುವಾಗ ಭಾರ ಹಿಂದೆಯೂ ಎಳೆಯುತ್ತದೆ. ನಿಂತು ನಿಧಾನಕ್ಕೆ ನೋಡುವ ನಿಮ್ಮ ಕೆಲಸಕ್ಕೆ ಒಪ್ಪುತ್ತದೆ, ಎಗರಾಡುವ ಆಟಕ್ಕೆ ಅಷ್ಟು ಒಪ್ಪುವುದಿಲ್ಲ. ಒರಗುವ ಕುರ್ಚಿಯಲ್ಲಿ ಕೂರುವವರಿಗೂ ಅದು ತಲೆಯ ಹಿಂದೆ ಒತ್ತುತ್ತದೆ.

ಪತ್ರದಲ್ಲಿ ನೀವು ಬರೆಯದ, ಆದರೆ ನನಗೆ ಅನುಮಾನವಿರುವ ಒಂದು ಸಂಗತಿ ಇದೆ. ಆ ಕಟ್ಟಡದ ಮಾದರಿ ನಿಮ್ಮ ಮೊಣಕಾಲಿನ ಮಟ್ಟದಲ್ಲಿ, ನೆಲದ ಮೇಲೆ ತೆರೆದುಕೊಳ್ಳುತ್ತಿದೆಯೇ? ಹಾಗಿದ್ದರೆ ಎರಡು ಗಂಟೆ ನೀವು ತಲೆ ಬಗ್ಗಿಸಿಯೇ ಇದ್ದೀರಿ. ಕತ್ತು ಬಗ್ಗಿದಷ್ಟೂ ತಲೆ ಮತ್ತು ಪೆಟ್ಟಿಗೆ ಎರಡರ ಭಾರವೂ ಕೀಲಿನಿಂದ ಇನ್ನಷ್ಟು ಮುಂದೆ ಸರಿಯುತ್ತದೆ. ಫೋನು ನೋಡುವಾಗ ಕಣ್ಣನ್ನಷ್ಟೇ ಕೆಳಗಿಳಿಸಿ ಅರ್ಧ ಕೆಲಸ ಮುಗಿಸಬಹುದು. ಹೆಡ್‌ಸೆಟ್ಟಿನಲ್ಲಿ ಹಾಗಾಗುವುದಿಲ್ಲ, ಲೆನ್ಸಿನ ನಡುಭಾಗದಲ್ಲಿ ಮಾತ್ರ ಚಿತ್ರ ಚೊಕ್ಕವಾಗಿರುವುದರಿಂದ ಕಣ್ಣು ಹೋದಲ್ಲಿಗೆ ತಲೆಯೂ ಹೋಗಬೇಕು. ಮಾದರಿಯನ್ನು ಎತ್ತಿ ಎದೆಯ ಮಟ್ಟಕ್ಕೋ ಕಣ್ಣಿನ ಮಟ್ಟಕ್ಕೋ ತಂದು ನಿಲ್ಲಿಸಿ. ವಿ.ಆರ್.ನಲ್ಲಿ ಕಟ್ಟಡ ಎತ್ತಲು ಕ್ರೇನು ಬೇಡ.

ಅರ್ಧ ಗಂಟೆಗೊಮ್ಮೆ ತೆಗೆದಿಡಿ, ಹತ್ತು ಹದಿನೈದು ನಿಮಿಷ. ಇದು ನನ್ನ ಮಾತಲ್ಲ, ಮೆಟಾ ಕಂಪನಿಯ ಸುರಕ್ಷತಾ ಸೂಚನೆಯಲ್ಲೇ ಇದೆ. ಯಾರೂ ಓದುವುದಿಲ್ಲ, ಅಷ್ಟೇ. ತೆಗೆದಾಗ ಗೋಡೆಗೆ ಬೆನ್ನು ಹಚ್ಚಿ ನಿಂತು, ಗಲ್ಲವನ್ನು ನೇರ ಹಿಂದಕ್ಕೆ ಎಳೆದು, ಐದು ಎಣಿಸಿ ಬಿಡಿ. ಎಂಟು ಹತ್ತು ಸಲ. ನೋವು ತೋಳಿಗೆ ಇಳಿಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ, ಹಿಡಿದ ವಸ್ತು ಕೈಜಾರುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಹೆಡ್‌ಸೆಟ್ ತೆಗೆದ ಮೇಲೆ ಹಣೆಯ ಮೇಲೆ, ಕಣ್ಣಿನ ಕೆಳಗೆ ಕೆಂಪು ಗುರುತು ಬಹಳ ಹೊತ್ತು ಉಳಿಯುತ್ತದೆ, ಹುಬ್ಬಿನ ಮೇಲೆ ತಲೆನೋವು ಬೇರೆ. ಸಡಿಲ ಮಾಡಿದರೆ ಚಿತ್ರ ಮಸುಕಾಗುತ್ತದೆ. ಏನು ಮಾಡಲಿ?

ಉತ್ತರ: ಹುಬ್ಬಿನ ಮೂಳೆಯ ಒಳಪಾಲಿನಲ್ಲಿ, ಮೂಗಿನ ಕಡೆಗೆ, ಬೆರಳು ಒತ್ತಿ ನೋಡಿ. ಒಂದು ಸಣ್ಣ ಕಚ್ಚು ಸಿಗುತ್ತದೆ, ಒತ್ತಿದರೆ ಚುಳ್ ಅನ್ನುತ್ತದೆ. ಹಣೆಯ ಚರ್ಮಕ್ಕೆ ಹೋಗುವ ನರ ಹೊರಬರುವ ಜಾಗ ಅದು. ಹೆಡ್‌ಸೆಟ್ಟಿನಲ್ಲಿ ಮುಖಕ್ಕೆ ತಾಗುವ ಮೆತ್ತೆಯ, ಅಂದರೆ ಫೋಮಿನ ಅಂಚು ಕೂರುವುದೂ ಸರಿಯಾಗಿ ಅಲ್ಲೇ. ಹೆಲ್ಮೆಟ್, ಈಜು ಕನ್ನಡಕ ಬಿಗಿದವರಿಗೆ ಬರುವ ಈ ತಲೆನೋವಿಗೆ ವೈದ್ಯಕೀಯ ವರ್ಗೀಕರಣದಲ್ಲಿ ಪ್ರತ್ಯೇಕ ಜಾಗವೇ ಇದೆ. ಒತ್ತಡ ತೆಗೆದ ಒಂದು ಗಂಟೆಯೊಳಗೆ ಇಳಿಯುವುದು ಅದರ ಲಕ್ಷಣ. ಇಳಿಯದಿದ್ದರೆ ಕಾರಣ ಬೇರೆ.

ಮಸುಕಿಗೆ ಮದ್ದು ಬಿಗಿಯುವುದಲ್ಲ. ಪೆಟ್ಟಿಗೆ ಒಂದು ಅರ್ಧ ಬೆರಳಿನಷ್ಟು ಕೆಳಗೆ ಜಾರಿದ್ದರಿಂದ ನಿಮ್ಮ ಪಾಪೆ ಲೆನ್ಸಿನ ನಡುಭಾಗಕ್ಕೆ ಸಿಗುತ್ತಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನಿಧಾನಕ್ಕೆ ಸರಿಸಿ, ಅಕ್ಷರ ಚೊಕ್ಕವಾದ ಕಡೆ ನಿಲ್ಲಿಸಿ, ಅಲ್ಲಿಗೆ ನೆತ್ತಿಯ ಪಟ್ಟಿ ಹೊಂದಿಸಿ. ಮೊದಲ ಉತ್ತರದ ಕ್ರಮವನ್ನು ಒಮ್ಮೆ ಮಾಡಿ ನೋಡಿದರೆ ಬಿಗಿಯುವ ಆಸೆ ತಾನಾಗಿ ಹೋಗುತ್ತದೆ.

ಪ್ರಶ್ನೆ: ನನಗೆ ಐವತ್ತು ದಾಟಿದೆ, ಓದಲು ಚಾಳೀಸು ಬೇಕು, ದೂರದ್ದು ಚೆನ್ನಾಗಿ ಕಾಣುತ್ತದೆ. ಮಗಳಿಗೆ ದೂರದ್ದು ನೋಡಲು ಮೈನಸ್ ಮೂರು ಕನ್ನಡಕ. ಪರದೆ ಕಣ್ಣಿಗೆ ಅಷ್ಟು ಹತ್ತಿರ ಇರುವುದರಿಂದ ನನಗೆ ಚಾಳೀಸು ಬೇಕು, ಅವಳಿಗೆ ಕನ್ನಡಕ ಬೇಡ ಎಂದುಕೊಂಡಿದ್ದೆವು. ಹಾಕಿ ನೋಡಿದರೆ ತದ್ವಿರುದ್ಧ. ಇಬ್ಬರಿಗೂ ಇಪ್ಪತ್ತು ನಿಮಿಷಕ್ಕೆ ಕಣ್ಣು ಭಾರವಾಗುತ್ತದೆ.

ಉತ್ತರ: ಪರದೆ ಹತ್ತಿರ ಇರುವುದು ನಿಜ, ಆದರೆ ನಡುವಿನ ಲೆನ್ಸು ಅದರ ಬೆಳಕನ್ನು ಬಗ್ಗಿಸಿ, ಒಂದೂ ಕಾಲು ಮೀಟರಿನಿಂದ ಎರಡು ಮೀಟರ್ ದೂರದಿಂದ ಬಂದಂತೆ ಕಣ್ಣಿಗೆ ಒಪ್ಪಿಸುತ್ತದೆ. ನಿಮಗೆ ಆ ದೂರ ಕಷ್ಟವಲ್ಲ, ಮಗಳಿಗೆ ಕಷ್ಟ. ಅವಳು ಕನ್ನಡಕದ ಮೇಲೆಯೇ ಹಾಕಿಕೊಳ್ಳುವುದಾದರೆ ಜಾಗ ಬಿಡಿಸುವ ಚೌಕಟ್ಟು ಬಳಸಲಿ. ಇಲ್ಲವಾದರೆ ಎರಡು ಗಾಜು ಉಜ್ಜಿ ಗೀರು ಬೀಳುತ್ತದೆ. ಆಯಾ ಹೆಡ್‌ಸೆಟ್ಟಿಗೆ ಕೂರುವ ಪವರ್ ಲೆನ್ಸ್ ಮಾಡಿಸುವುದು ಇನ್ನೂ ಉತ್ತಮ. ಮೇಲೆ ದೂರ ಕೆಳಗೆ ಹತ್ತಿರ ಎಂದು ಒಂದೇ ಗಾಜಿನಲ್ಲಿ ಎರಡೂ ಇರುವ ಕನ್ನಡಕ ಮಾತ್ರ ಇದರೊಳಗೆ ಬೇಡ, ಚಿತ್ರದ ಕೆಳಭಾಗ ಕಲಸಿಹೋಗುತ್ತದೆ.

ಭಾರವಾಗುವುದಕ್ಕೆ ಎರಡು ಮೂರು ಕಾರಣ ಸೇರಿರುತ್ತವೆ. ನಿಜ ಲೋಕದಲ್ಲಿ ಒಂದು ಪೆನ್ನನ್ನು ಮೂಗಿನ ಬಳಿ ತಂದರೆ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಜೊತೆಗೇ ಕಣ್ಣೊಳಗಿನ ಮಸೂರ ಉಬ್ಬಿ ಹತ್ತಿರಕ್ಕೆ ಹೊಂದಿಕೊಳ್ಳುತ್ತದೆ. ಎರಡೂ ಹುಟ್ಟಿನಿಂದ ಜೋಡಿ. ಹೆಡ್‌ಸೆಟ್ಟಿನೊಳಗಿನ ಪೆನ್ನು ಹತ್ತಿರ ಬಂದರೆ ಕಣ್ಣು ಒಳತಿರುಗುತ್ತವೆ, ಆದರೆ ಬೆಳಕು ಅದೇ ಒಂದೂವರೆ ಮೀಟರಿನದ್ದು, ಮಸೂರ ಅಲ್ಲೇ ನಿಲ್ಲಬೇಕು. ಈ ಜೋಡಿ ಮುರಿದಾಗ ಕಣ್ಣು ದಣಿಯುತ್ತದೆ ಎಂಬುದನ್ನು 2008ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗ ತೋರಿಸಿತು. ಹಾಗಾಗಿ ಮುಖದ ಹತ್ತಿರ ತಂದು ನೋಡುವ, ಓದುವ ಕೆಲಸ ಕಮ್ಮಿ ಮಾಡಿ. ಹೆಡ್‌ಸೆಟ್ಟಿನೊಳಗೆ ತೆರೆದುಕೊಳ್ಳುವ ಪುಟಗಳ ಕಿಟಕಿಗಳನ್ನು ಒಂದೆರಡು ಮೀಟರ್ ದೂರಕ್ಕೆ ತಳ್ಳಿ, ಅಕ್ಷರ ದೊಡ್ಡದು ಮಾಡಿಕೊಳ್ಳಿ.

ಎರಡನೆಯದು ಪಾಪೆಗಳ ನಡುವಿನ ಅಂತರ. ವಯಸ್ಕರ ಸರಾಸರಿ 63 ಮಿಲಿಮೀಟರಿನ ಆಸುಪಾಸು. ಕ್ವೆಸ್ಟ್ 2ರಲ್ಲಿ 58, 63, 68 ಎಂಬ ಮೂರೇ ಮೆಟ್ಟಿಲು, ಕ್ವೆಸ್ಟ್ 3ರಲ್ಲಿ 53ರಿಂದ 75ರವರೆಗೆ ತಿರುಗಿಸುವ ಚಕ್ರ. ತಾಯಿ ಮಗಳು ಒಂದೇ ಹೆಡ್‌ಸೆಟ್ ಹಂಚಿಕೊಂಡರೂ ಇಬ್ಬರ ಅಂತರ ಒಂದೇ ಇರಬೇಕೆಂದಿಲ್ಲ. ಕನ್ನಡಕದ ಅಂಗಡಿಯವರು ಅಳೆದು ಚೀಟಿಯಲ್ಲಿ ಬರೆದಿರುತ್ತಾರೆ, ಕೇಳಿ ತಗೊಳ್ಳಿ. ಒಬ್ಬರಿಂದೊಬ್ಬರಿಗೆ ಕೈ ಬದಲಾದಾಗಲೆಲ್ಲ ಹೊಂದಿಸಿ.

ಮತ್ತೆ, ರೆಪ್ಪೆ ಬಡಿಯಿರಿ. ಪರದೆಯ ಮುಂದೆ ಎಲ್ಲರೂ ಅದನ್ನು ಮರೆಯುತ್ತೇವೆ. ಕಣ್ಣು ಒಣಗಿ ಉರಿಯುತ್ತದೆ.

ಪ್ರಶ್ನೆ: ಆಟದಲ್ಲಿ ಓಡಲು ಶುರು ಮಾಡಿದ ಐದೇ ನಿಮಿಷಕ್ಕೆ ನನಗೆ ಹೊಟ್ಟೆ ತೊಳಸುತ್ತದೆ, ಬೆವರು ಬರುತ್ತದೆ. ಅಣ್ಣನಿಗೆ ಏನೂ ಆಗುವುದಿಲ್ಲ. ಅವನು "ತಡಕೊಂಡು ಆಡು, ನಾಲ್ಕು ದಿನಕ್ಕೆ ರೂಢಿಯಾಗುತ್ತೆ" ಅನ್ನುತ್ತಾನೆ. ಹೆಣ್ಣುಮಕ್ಕಳಿಗೆ ಇದು ಜಾಸ್ತಿ ಅಂತಲೂ ತಮಾಷೆ ಮಾಡುತ್ತಾನೆ.

ಉತ್ತರ: ಅಣ್ಣನ ಮಾತು ಕೇಳಬೇಡಿ. ತಡೆದುಕೊಂಡು ಆಡಿದರೆ ರೂಢಿಯಾಗುವ ಬದಲು ಹೆಡ್‌ಸೆಟ್ ಕಂಡರೇ ಹೊಟ್ಟೆ ತೊಳಸುವ ಹಾಗಾಗಬಹುದು. ರೂಢಿ ಆಗುವುದು ನಿಜ, ಆದರೆ ತೊಂದರೆ ಶುರುವಾಗುವ ಮೊದಲೇ ನಿಲ್ಲಿಸಿ, ಮರುದಿನ ಮತ್ತೆ ತುಸು ಹೊತ್ತು ಆಡುವವರಿಗೆ. ಆಕಳಿಕೆ, ಬಾಯಲ್ಲಿ ನೀರೂರುವುದು, ಹಣೆಯ ಮೇಲೆ ತಣ್ಣನೆ ಬೆವರು: ಇವುಗಳಲ್ಲಿ ಮೊದಲನೆಯದು ಕಂಡಾಗಲೇ ಕಣ್ಣು ಮುಚ್ಚಿ ಪೆಟ್ಟಿಗೆ ತೆಗೆಯಿರಿ. ಓಕರಿಕೆಯವರೆಗೆ ಕಾದರೆ ಅರ್ಧ ದಿನ ಹೋದಂತೆ.

ಕಣ್ಣು "ಓಡುತ್ತಿದ್ದೇವೆ" ಅನ್ನುತ್ತದೆ, ಒಳಕಿವಿಯ ದ್ರವ "ಇಲ್ಲ, ನಿಂತಲ್ಲೇ ಇದ್ದೇವೆ" ಅನ್ನುತ್ತದೆ. ಮಿದುಳಿಗೆ ಇದು ಸೇರುವುದಿಲ್ಲ. ಹಾಗಾಗಿ ನಿಮ್ಮ ಕಾಲಿನಿಂದಲೇ ನಡೆದು, ನಿಮ್ಮ ತಲೆಯಿಂದಲೇ ತಿರುಗುವ ಆಟಗಳಲ್ಲಿ ತೊಂದರೆ ತೀರಾ ಕಡಿಮೆ. ನಿಂತಲ್ಲೇ ನಿಂತು, ಕೈಯ ಕಂಟ್ರೋಲರಿನ ಪುಟ್ಟ ಕೋಲನ್ನು ಬೆರಳಿನಿಂದ ತಳ್ಳಿ ತೇಲಿ ಸಾಗುವ ಆಟಗಳಲ್ಲೇ ಎಲ್ಲ ರಗಳೆ. ಸೆಟ್ಟಿಂಗ್‌ಗೆ ಹೋಗಿ ಮೂರು ಬದಲಾವಣೆ ಮಾಡಿ: ತೇಲುವುದರ ಬದಲು ಗುರುತು ಇಟ್ಟಲ್ಲಿಗೆ ನೆಗೆಯುವುದು, ನಯವಾಗಿ ತಿರುಗುವುದರ ಬದಲು ತುಂಡುತುಂಡಾಗಿ ತಿರುಗುವುದು, ಚಲಿಸುವಾಗ ಚಿತ್ರದ ಅಂಚು ಕಪ್ಪಾಗುವುದು. ಮುಖಕ್ಕೆ ಬೀಸುವ ಫ್ಯಾನ್ ಇಟ್ಟುಕೊಳ್ಳಿ. ಸೆಖೆ ಇಳಿಯುವುದರ ಜೊತೆಗೆ, ಗಾಳಿ ಬರುವ ದಿಕ್ಕಿನಿಂದ ಕೋಣೆಯಲ್ಲಿ ಯಾವ ಕಡೆ ಮುಖ ಮಾಡಿದ್ದೀರಿ ಎಂಬ ಸುಳಿವೂ ಸಿಗುತ್ತದೆ. ಆಟ ಮುಗಿಸಿದ ಕೂಡಲೇ ಗಾಡಿ ಓಡಿಸಬೇಡಿ.

ಇನ್ನು ಅಣ್ಣನ ತಮಾಷೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ಪ್ರಶ್ನೆ ಹಿಡಿದು ಹೊರಟಿತು. ಹೆಣ್ಣು ಗಂಡಿನ ವ್ಯತ್ಯಾಸದ ದೊಡ್ಡ ಪಾಲು ಹೆಡ್‌ಸೆಟ್ಟಿನ ಲೆನ್ಸುಗಳ ಅಂತರ ಅವರ ಪಾಪೆಗಳ ಅಂತರಕ್ಕೆ ಹೊಂದದೇ ಇದ್ದುದರಿಂದ ಬಂದಿತ್ತು. ಹೆಂಗಸರ ಅಂತರ ಸರಾಸರಿಯಲ್ಲಿ ಕಡಿಮೆ, ಯಂತ್ರಗಳ ಅಳತೆ ಗಂಡಸರದ್ದು. ಹೊಂದಿಕೆಯಾದಾಗ ವ್ಯತ್ಯಾಸ ಕರಗಿತು. ಹೆಡ್‌ಸೆಟ್ ನಿಮ್ಮ ಅಣ್ಣನದ್ದೇ ಆಗಿದ್ದರೆ ಅಂತರವೂ ಅವನದ್ದೇ ಇರುತ್ತದೆ. ಮೊದಲು ಅದನ್ನು ತಿರುಗಿಸಿ.

ಪ್ರಶ್ನೆ: ನಮ್ಮ ಮಾವನವರಿಗೆ ಎಪ್ಪತ್ತಾರು. ಓಡಾಟ ಕಡಿಮೆಯಾಗಿದೆ. ಹೆಡ್‌ಸೆಟ್ಟಿನಲ್ಲಿ ಬೆಟ್ಟ, ಸಮುದ್ರ ನೋಡುವುದೆಂದರೆ ಅವರಿಗೆ ಬಹಳ ಖುಷಿ. ಕತ್ತಿನ ಮೂಳೆ ಸವೆದಿದೆ, ಎದೆಯಲ್ಲಿ ಪೇಸ್‌ಮೇಕರ್ ಇದೆ. ನೋಡಲು ಬಿಡಬಹುದೇ?

ಉತ್ತರ: ಪೇಸ್‌ಮೇಕರ್ ವಿಷಯ ಅವರ ಹೃದಯದ ವೈದ್ಯರಿಗೆ ಬಿಟ್ಟದ್ದು, ನನಗಲ್ಲ. ಹೆಡ್‌ಸೆಟ್ ಮತ್ತು ಕೈಯ ಕಂಟ್ರೋಲರ್‌ಗಳಲ್ಲಿ ಆಯಸ್ಕಾಂತವೂ ರೇಡಿಯೋ ಅಲೆ ಹೊರಡಿಸುವ ಭಾಗಗಳೂ ಇರಬಹುದು ಎಂದು ಕಂಪನಿಗಳೇ ಎಚ್ಚರಿಸುತ್ತವೆ. ವೈದ್ಯರು ಹೂಂ ಅನ್ನುವವರೆಗೆ ಬೇಡ. ಒಪ್ಪಿದ ಮೇಲೂ ಕಂಟ್ರೋಲರನ್ನು ಎದೆಯ ಮೇಲೆ ಇಟ್ಟುಕೊಳ್ಳಬಾರದು, ಅಂಗಿಯ ಜೇಬಿಗೆ ಹಾಕಬಾರದು.

ಒಪ್ಪಿದರೆ, ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ತಿರುಗುವ ಕುರ್ಚಿ ಕತ್ತಿಗೆ ಒಳ್ಳೆಯದೆಂದು ಚಿಕ್ಕವರಿಗೆ ನಾನೇ ಹೇಳುತ್ತೇನೆ, ಮಾವನವರಿಗೆ ಬೇಡ, ಎದ್ದೇಳುವಾಗ ಜಾರಿತು ಅಂದರೆ ಕಷ್ಟ. ಸುತ್ತಲ ದೃಶ್ಯದಲ್ಲಿ ಚೆಂದದ್ದು ಹಿಂದಿದ್ದರೆ ಅವರು ಕತ್ತು ಹೊರಳಿಸುವ ಬದಲು ನೀವು ನೋಟವನ್ನೇ ಮುಂದಕ್ಕೆ ತಿರುಗಿಸಿ ಕೊಡಿ, ಗುಂಡಿ ಒತ್ತಿದರೆ ಆಗುತ್ತದೆ. ಆಕಾಶ ನೋಡಿ ಎಂದು ತಲೆ ಹಿಂದಕ್ಕೆ ಬಾಗಿಸಲು ಹೇಳಬೇಡಿ. ಸವೆದ ಕತ್ತಿಗೆ ಅದೇ ಅತಿ ಕೆಟ್ಟ ಭಂಗಿ. ಹತ್ತು ನಿಮಿಷ ಸಾಕು. ತೆಗೆದ ಮೇಲೆ ಎರಡು ನಿಮಿಷ ಕೂತಿದ್ದು, ಆಮೇಲೆ ನಿಮ್ಮ ಕೈ ಹಿಡಿದು ಏಳಲಿ.

ಪ್ರಶ್ನೆ: ಗಾಳಿಯಲ್ಲಿ ಕೈಯಾಡಿಸಿ ಗುಂಡಿ ಒತ್ತುವ ಹೊಸ ಹೆಡ್‌ಸೆಟ್ ತಂದೆ. ಭುಜ ಬಿದ್ದುಹೋಗುತ್ತಿದೆ.

ಉತ್ತರ: ಬೀಳದೆ ಇನ್ನೇನು? ಸಿನಿಮಾದವರಿಗೆ ಆ ದೃಶ್ಯ ಚೆಂದ, ಹೆಗಲಿಗಲ್ಲ. ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೈ ಚಾಚಿ ಕೆಲಸ ಮಾಡಿದವರಿಗೆ ಮೂರು ನಿಮಿಷದಲ್ಲೇ ಭುಜದ ಇರಿಸುಮುರಿಸು ಶುರುವಾಗಿತ್ತು. ಮೊಣಕೈ ಪಕ್ಕೆಗೆ ಆನಿಸಿ, ಅಂಗೈ ಮಾತ್ರ ಮುಂದಿರಲಿ. ಮೆನುವನ್ನು ಹಿಡಿದೆಳೆದು ಹತ್ತಿರಕ್ಕೆ, ಕೆಳಕ್ಕೆ ತನ್ನಿ. ದೂರದಿಂದ ಬೆರಳು ಚಿವುಟಿ ಆರಿಸುವ ಸೌಲಭ್ಯವಿದ್ದರೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡೇ ಚಿವುಟಿ. ಹೆಚ್ಚು ಬರೆಯುವುದಿದ್ದರೆ ನಿಜವಾದ ಕೀಬೋರ್ಡು ಜೋಡಿಸಿ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಗೆಳೆಯರ ಮನೆಯಲ್ಲಿ ಇದೆಯಂತೆ, ಕೊಡಿಸು ಅಂತ ಹಟ.

ಉತ್ತರ: ಬೇಡ. ಮೆಟಾ ಹತ್ತು ವರ್ಷ ತುಂಬಿರಬೇಕೆನ್ನುತ್ತದೆ, ಅದೂ ಪೋಷಕರ ಉಸ್ತುವಾರಿಯ ಖಾತೆಯಲ್ಲಿ. ಸೋನಿ ಹನ್ನೆರಡು, ಆಪಲ್ ಹದಿಮೂರು ಅನ್ನುತ್ತದೆ. ಮಾರುವವರೇ ಬೇಡವೆನ್ನುವಾಗ ನಾನೇಕೆ ಹೂಂ ಅನ್ನಲಿ? ಲೆನ್ಸುಗಳ ಅಂತರ ಚಿಕ್ಕ ಮುಖಕ್ಕೆ ಇಳಿಯುವುದಿಲ್ಲ, ಪಟ್ಟಿ ಕೊನೆಯವರೆಗೆ ಎಳೆದರೂ ಜಾರುತ್ತದೆ. ಅಪ್ಪನ ಕತ್ತಿಗೇ ಹೊರೆಯಾದ ಅರ್ಧ ಕಿಲೋ ಅವನ ಕತ್ತಿಗೆ ಎಷ್ಟಾದೀತು!

ಪ್ರಶ್ನೆ: ಫೋಮ್ ತಾಗುವ ಜಾಗದಲ್ಲೆಲ್ಲ ಗುಳ್ಳೆ, ತುರಿಕೆ.

ಉತ್ತರ: ಬೆವರು ಕುಡಿದ ಫೋಮು, ಮೇಲೆ ಉಜ್ಜಾಟ. ತೊಳೆಯಲು ಬರುವ ಸಿಲಿಕೋನ್ ಹೊದಿಕೆ ಹಾಕಿ, ಪ್ರತಿ ಸಲ ಒರೆಸಿ ಒಣಗಿಸಿ, ಕ್ರೀಮು ಪೌಡರು ಹಚ್ಚಿದ ಮುಖಕ್ಕೆ ಹಾಕಿಕೊಳ್ಳಬೇಡಿ. ಲೆನ್ಸಿಗೆ ಮಾತ್ರ ಒಣ ಮೆತ್ತನೆ ಬಟ್ಟೆ, ಸ್ಪಿರಿಟ್ ತಾಗಿಸಬಾರದು. ಕ್ವೆಸ್ಟ್ 2 ಜೊತೆ ಬರುತ್ತಿದ್ದ ಫೋಮಿನಿಂದ ಚರ್ಮ ಕೆರಳಿದ ದೂರುಗಳು ಸಾವಿರಗಟ್ಟಲೆ ಬಂದು, 2021ರ ಜುಲೈನಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಫೋಮುಗಳನ್ನು ಹಿಂಪಡೆಯುವ ಪ್ರಕಟಣೆ ಹೊರಟಿತ್ತು. ಬಳಸಿದವರಿಗೆ ಸಿಲಿಕೋನ್ ಹೊದಿಕೆ ಕೊಟ್ಟರು. ಹಾಗಾಗಿ ತಪ್ಪು ನಿಮ್ಮ ಚರ್ಮದ್ದೇ ಇರಬೇಕೆಂದಿಲ್ಲ. ಹಳೆಯದನ್ನು ಕೈಬದಲಾಯಿಸಿ ಕೊಂಡವರು ಮೊದಲು ಫೋಮನ್ನೇ ಬದಲಿಸಿ.

ಪ್ರಶ್ನೆ: ನಾನೊಂದು ತಂಡ ನಡೆಸುತ್ತೇನೆ. ಕಂಪ್ಯೂಟರ್ ಪರದೆಗಳನ್ನೆಲ್ಲ ತೆಗೆದು, ಎಲ್ಲರಿಗೂ ಹೆಡ್‌ಸೆಟ್ ಕೊಟ್ಟು, ದಿನಪೂರ್ತಿ ಅದರಲ್ಲೇ ಕೆಲಸ ಮಾಡಿಸುವ ಆಲೋಚನೆ ಆಡಳಿತದವರಿಗೆ ಇದೆ. ನಿಮ್ಮ ಅಭಿಪ್ರಾಯ?

ಉತ್ತರ: ಅದನ್ನು ಮಾಡಿ ನೋಡಿದವರಿದ್ದಾರೆ. ಜರ್ಮನಿಯ ಕೋಬುರ್ಗ್ ವಿಶ್ವವಿದ್ಯಾಲಯದವರೂ ಇದ್ದ ಸಂಶೋಧಕರ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಎಂಟು ಗಂಟೆಯಂತೆ ಐದು ದಿನ ಹೆಡ್‌ಸೆಟ್ಟಿನೊಳಗೇ ಕಚೇರಿ ಕೆಲಸ ಮಾಡಿಸಿದರು. ಹದಿನೆಂಟು ಜನರಲ್ಲಿ ಇಬ್ಬರು ಮೊದಲ ದಿನವೇ ತಲೆನೋವು, ಓಕರಿಕೆ, ಕಳವಳ ಎಂದು ಬಿಟ್ಟುಹೋದರು. ಉಳಿದ ಹದಿನಾರು ಮಂದಿ ವಾರ ಮುಗಿಸಿದರು. ದಿನ ಕಳೆದಂತೆ ತುಸು ಒಗ್ಗಿಕೊಂಡರೂ, ಮಾಮೂಲಿ ಪರದೆಯ ವಾರಕ್ಕೆ ಹೋಲಿಸಿದರೆ ಕಣ್ಣಿನ ಆಯಾಸ, ಕೆಲಸದ ಹೊರೆ, ಬೇಸರ ಎಲ್ಲ ಹೆಚ್ಚೇ ಇತ್ತು.

ಮೂರು ಆಯಾಮದಲ್ಲಿ ನೋಡಲೇಬೇಕಾದ ಕೆಲಸಕ್ಕೆ ಹೆಡ್‌ಸೆಟ್ ಕೊಡಿ, ಇಪ್ಪತ್ತು ಮೂವತ್ತು ನಿಮಿಷದ ತುಂಡುಗಳಲ್ಲಿ. ಪತ್ರ ಬರೆಯಲು, ಲೆಕ್ಕದ ಹಾಳೆ ತುಂಬಲು ಯಾರ ಮುಖಕ್ಕೂ ಪೆಟ್ಟಿಗೆ ಕಟ್ಟಬೇಕಿಲ್ಲ. ಪರದೆಗಳನ್ನು ತೆಗೆಯಬೇಡಿ. ಹೆಡ್‌ಸೆಟ್ ಕೊಳ್ಳುವಾಗ ತಲೆಗೊಂದರಂತೆ ಮುಖದ ಹೊದಿಕೆಯನ್ನೂ ಕೊಳ್ಳಿ, ಅದನ್ನು ಹಂಚಿಕೊಳ್ಳುವಂತೆ ಯಾರಿಗೂ ಹೇಳಬಾರದು. ಪಾಪೆಗಳ ಅಂತರವನ್ನು ಹೆಸರಿನ ಜೊತೆ ಬರೆದು ಹೆಡ್‌ಸೆಟ್ಟಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ. ತಲೆಸುತ್ತು ಬರುವವರು, ಮೈಗ್ರೇನ್ ಅಥವಾ ಮೂರ್ಛೆರೋಗ ಇರುವವರು ಒಲ್ಲೆ ಅಂದರೆ ಕಾರಣ ಕೇಳದೆ ಒಪ್ಪಿಕೊಳ್ಳುವ ನಿಯಮವನ್ನು ಆಡಳಿತದವರಿಂದ ಈಗಲೇ ಬರೆಸಿಕೊಳ್ಳಿ. ಯಂತ್ರಗಳು ಬಂದ ಮೇಲೆ ಬರೆಸುವುದು ಕಷ್ಟ.